ಹಲಗೆಯ ಮೇಲಿದ್ದವರು ಯಾರು?

"ಅಲ್ಲಾಡಬೇಡಿ ಸಾರ್. ಉಸಿರೂ ಮೆಲ್ಲಗೆ ಬಿಡಿ" ಎಂದ ಬೆಸುಗೆ ಮೇಸ್ತ್ರಿ.

ಹೇಳಿದಷ್ಟು ಸುಲಭವೇ ಅದು? ಅವನ ಶೆಡ್ಡಿನ ನಟ್ಟನಡುವೆ, ಮೂರು ಚಕ್ರದ ರೇಸ್ ಬೈಕು, ಸೈಡ್‌ಕಾರಿನ ಮೇಲೆ ಮಂಡಿಯೂರಿ, ಎದೆಯನ್ನು ಟ್ಯಾಂಕಿಗೆ ಒತ್ತಿಕೊಂಡು, ಎರಡೂ ಕೈ ಮುಂದಕ್ಕೆ ಚಾಚಿ ಹ್ಯಾಂಡಲ್ ಹಿಡಿದಿದ್ದೆ. ವಯಸ್ಸು ಐವತ್ತೊಂಬತ್ತು. ಎಡಮಂಡಿ ಕೆಟ್ಟು ಆರು ವರ್ಷವಾಯಿತು. ಸಾಲದ್ದಕ್ಕೆ ಸೊಂಟಕ್ಕೆ ಎರಡು ಕೆಜಿಯ ಸುತ್ತಿಗೆ ಬೇರೆ ಕಟ್ಟಿದ್ದ ಪುಣ್ಯಾತ್ಮ. ಈ ಗಾಡಿ ಓಡಿಸುತ್ತಿದ್ದವನು ಅಣ್ಣತಮ್ಮಂದಿರಲ್ಲಿ ದೊಡ್ಡವನು; ಅವನಿಗಿಂತ ನಾನು ಎರಡು ಕೆಜಿ ಹಗುರವಂತೆ.

ನನ್ನ ಪಕ್ಕದಲ್ಲಿ, ಎಂಜಿನ್ನಿಗೂ ಮೂರನೆಯ ಚಕ್ರಕ್ಕೂ ನಡುವಿನ ಹಲಗೆಯ ಮೇಲೆ, ಮರಳಿನ ಮೂಟೆಗಳಿದ್ದವು. ಒಟ್ಟು ಐವತ್ತೆಂಟು ಕೆಜಿ. ಅಷ್ಟೇ ತೂಗುತ್ತಿದ್ದ ಚಿಕ್ಕವನು ಆ ಹಲಗೆಯ ಮೇಲೆ ಮೂರು ವರ್ಷ ಹೊರಳಾಡಿದ್ದ. ತಿರುವು ಬಂದಾಗ ಮೈಯನ್ನು ಹೊರಗೆ ಚೆಲ್ಲಿ ಗಾಡಿ ಮಗುಚದಂತೆ ತಡೆಯುವುದು ಅವನ ಕೆಲಸ. ಮೇಸ್ತ್ರಿ ಒಂದೊಂದೇ ಮೂಟೆ ಜೋಡಿಸುವಾಗ ನಾನು ಗೋಡೆಯ ಕಡೆ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ನನ್ನ ಕೈಲಿ ನೋಡಲಾಗಲಿಲ್ಲ.

ನಡೆದದ್ದು ಇಷ್ಟು: ನಲವತ್ತೊಂದು ದಿನದ ಹಿಂದಿನ ಭಾನುವಾರ, ರೇಸಿನ ಮೂರನೆಯ ಸುತ್ತಿನಲ್ಲಿ ಅಣ್ಣ ಬ್ರೇಕ್ ಹಿಡಿದಾಗ ಹ್ಯಾಂಡಲ್ ಹುಚ್ಚೆದ್ದು ಒದರಿ, ಗಾಡಿ ತಡೆಗೋಡೆಗೆ ಬಡಿಯಿತು, ಅಣ್ಣ ಮಣಿಕಟ್ಟು ಮುರಿದುಕೊಂಡು ಉಳಿದ, ತಮ್ಮ ಉಳಿಯಲಿಲ್ಲ.

ಅವತ್ತೇ ಸಂಜೆ ರೇಸ್ ಸಂಘದವರು 'ಚಾಲಕನ ತಪ್ಪು' ಎಂದು ಎರಡೇ ಪದ ಬರೆದು ಕೈ ತೊಳೆದುಕೊಂಡರು. ದೊಡ್ಡವನು ಒಂದು ಮಾತೂ ಆಡದೆ ಅದಕ್ಕೆ ಸಹಿ ಹಾಕಿದ. ಆ ಸಹಿ ಹಾಕಿದ ದಿನದಿಂದ ತಾಯಿ ಅವನೊಡನೆ ಮಾತು ಬಿಟ್ಟಿದ್ದಾರೆ.

ಆಕೆ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನನ್ನ ದೊಡ್ಡೋನು ನನ್ನ ಪುಟ್ಟನ್ನ ಕೊಂದನಾ ಅಂತ ತಿಳ್ಕೊಂಡು ಹೇಳಿ ಅಣ್ಣಾ. ಹೌದು ಅಂದ್ರೆ ಇನ್ನು ಅವನ ಮುಖ ನೋಡಲ್ಲ. ಅಲ್ಲ ಅಂದ್ರೆ ಅವನ್ನ ತಬ್ಕೊಂಡು ಅಳಬೇಕು. ಎರಡರಲ್ಲಿ ಒಂದು ಮಾಡೋಕೆ ಬಿಡಿ ನನಗೆ. ಹೀಗೆ ನಡುವೆ ನಿಂತು ಬದುಕೋಕೆ ಆಗ್ತಿಲ್ಲ."

ನನ್ನ ಬಾಯಿಗಿಷ್ಟು ಮಣ್ಣು ಹಾಕ! ಶನಿವಾರ ನಾಲ್ಕು ಗಂಟೆಗೆ ಶೆಡ್ಡಿಗೆ ಬನ್ನಿ, ಉತ್ತರ ಹೇಳುತ್ತೇನೆ ಎಂದುಬಿಟ್ಟಿದ್ದೆ. ಇವತ್ತು ಶನಿವಾರ. ಶೆಡ್ಡಿನ ಗಡಿಯಾರದಲ್ಲಿ ಎರಡೂ ಕಾಲು.

ಇಪ್ಪತ್ತಾರು ವರ್ಷ ವಿಮೆ ಕಂಪನಿಗೆ ಅಪಘಾತದ ವರದಿ ಬರೆದವನು ನಾನು. 'ಚಾಲಕನ ತಪ್ಪು' ಎಂಬ ಎರಡು ಪದಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುವುದಕ್ಕೆ ಬಹಳ ಸುಲಭ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆಯಿಲ್ಲ.

ಮೇಸ್ತ್ರಿ ನೆಲದ ಮೇಲೆ ಮಲಗಿ, ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡನ್ನು ಮುಂದಿನ ಚಕ್ರದ ಅಚ್ಚಿನಿಂದ ಇಳಿಬಿಟ್ಟ. ಗುಂಡು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಒಂದು ಚುಕ್ಕೆ. ಹ್ಯಾಂಡಲ್ ತಿರುಗುವ ಕಂಬದ ನೇರಕ್ಕೆ ಉದ್ದನೆಯ ಸರಳು ಹಿಡಿದು, ಅದು ನೆಲ ಮುಟ್ಟುವ ಜಾಗಕ್ಕೆ ಇನ್ನೊಂದು ಚುಕ್ಕೆ. ಎರಡು ಚುಕ್ಕೆಗಳ ನಡುವೆ ಸ್ಟೀಲ್ ಸ್ಕೇಲ್ ಇಟ್ಟ.

"ಇದೇನಾ ಆ ಟ್ರೇಲು?" ಎಂದು ಕೇಳಿದೆ. ಬೆಳಿಗ್ಗೆಯಿಂದ ಆ ಪದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

"ಇದೇ ಸಾರ್. ಆಸ್ಪತ್ರೆ ಮಂಚದ ಚಕ್ರ ನೋಡಿದೀರಲ್ಲ? ತಳ್ಳಿದ ಕಡೆಗೆ ತಾನೇ ತಿರುಗಿ ಹಿಂದಿಂದೆ ಬರುತ್ತೆ. ಯಾಕೆ? ಅದು ನೆಲ ಮುಟ್ಟೋ ಜಾಗ ತಿರುಗೋ ಕಂಬಕ್ಕಿಂತ ಹಿಂದಿದೆ. ಆ ದೂರಾನೇ ಟ್ರೇಲ್. ದೂರ ಜಾಸ್ತಿ ಇದ್ರೆ ಗಾಡಿ ಹಿಡಿದ ದಾರಿ ಬಿಡಲ್ಲ."

"ಹಾಗಾದ್ರೆ ಜಾಸ್ತಿ ಇಟ್ಟುಬಿಡೋದಪ್ಪ. ಗಂಟೇನು ಹೋಗುತ್ತೆ?"

"ತೋಳು ಹೋಗುತ್ತೆ. ಎರಡು ಚಕ್ರದ ಬೈಕು ವಾಲಿಕೊಂಡು ತಿರುಗುತ್ತೆ, ಅದಕ್ಕೆ ತೊಂಬತ್ತು ನೂರು ಮಿಲಿಮೀಟರ್ ಇದ್ರೂ ನಡೆಯುತ್ತೆ. ಇದು ವಾಲಲ್ಲ, ಇದನ್ನ ತೋಳಿನ ಬಲದಲ್ಲೇ ತಿರುಗಿಸಬೇಕು. ಅದಕ್ಕೇ ಟ್ರೇಲ್ ಕಡಿಮೆ ಮಾಡ್ತೀವಿ, ಮಾಡ್ತಾ ಮಾಡ್ತಾ ಒಂದು ಕಡೆ ನಿಲ್ಲಿಸ್ತೀವಿ. ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ರೆ ಗಾಡಿ ತಲೆ ಒದರೋಕೆ ಶುರು ಮಾಡುತ್ತೆ. ಯಾವ ಗಂಡಸಿಗೂ ಹಿಡಿಯೋಕಾಗಲ್ಲ."

ಎಲ್ಲಿ ನಿಲ್ಲಿಸಿದ್ದರು ಎಂಬುದು ಮೂಲೆಯ ಕಬ್ಬಿಣದ ಬೀರುವಿನ ಬಾಗಿಲ ಒಳಮೈಯಲ್ಲಿ ಬರೆದಿತ್ತು. ದೊಡ್ಡವನ ಅಕ್ಷರ. ಮೂವತ್ತಾರು, ಮೂವತ್ತೆರಡು, ಮೂವತ್ತು. ಕೊನೆಯ ಸಾಲು ರೇಸಿಗೆ ಮೂರು ದಿನ ಮುಂಚಿನದು, ಗುರುವಾರದ್ದು: ಇಪ್ಪತ್ತೆಂಟು. ಪ್ರತಿ ಸಾಲಿನ ಎದುರಿಗೂ ಎರಡು ಪದ: 'ಇಬ್ಬರೂ ಮೇಲೆ'.

ಈ ಶೆಡ್ಡಿನ ಕಟ್ಟಳೆ ಅದು. ಗಾಡಿಯ ಮೇಲೆ ಓಡಿಸುವವನೂ ಹಲಗೆಯವನೂ ಇಲ್ಲದೆ ತೆಗೆದ ಅಳತೆಗೆ ಇಲ್ಲಿ ಬೆಲೆಯಿಲ್ಲ. ಹಲಗೆಯವನ ಭಾರಕ್ಕೆ ಗಾಡಿಯ ಹಿಂಭಾಗ ಕುಸಿಯುತ್ತದೆ. ಹಿಂಭಾಗ ಕುಸಿದರೆ ಮುಂದಿನ ಕಂಬ ಹಿಂದಕ್ಕೆ ವಾಲಿ ಟ್ರೇಲ್ ಹೆಚ್ಚುತ್ತದೆ. ಭಾರ ಕಡಿಮೆಯಾದರೆ ಟ್ರೇಲೂ ಕಡಿಮೆ.

"ಇಪ್ಪತ್ತೆಂಟು ಕೊನೇ ಮೆಟ್ಟಿಲು, ಅದರ ಕೆಳಗೆ ಇಳೀಬೇಡ್ರೋ ಅಂತ ಸಾವಿರ ಸಲ ಬಡ್ಕೊಂಡಿದ್ದೆ" ಎಂದ ಮೇಸ್ತ್ರಿ. "ಬ್ರೇಕ್ ಹಿಡಿದಾಗ ಹಿಂಭಾಗ ಏಳುತ್ತೆ ನೋಡಿ, ಇರೋ ಟ್ರೇಲನ್ನೂ ತಿಂದುಹಾಕುತ್ತೆ. ಅದಕ್ಕೆ ಅಂತ ಸ್ವಲ್ಪ ಉಳಿಸ್ಕೋಬೇಕು."

ಹೇಳುತ್ತಲೇ ಸ್ಕೇಲಿನ ಮೇಲೆ ಬಗ್ಗಿದ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿಕೊಂಡು ಮತ್ತೆ ನೋಡಿದ.

"ಏನಾಯ್ತು?"

"ಇಪ್ಪತ್ನಾಲ್ಕು" ಎಂದ. ಅವನ ದನಿ ಬದಲಾಗಿತ್ತು.

"ನೀನು ರಿಪೇರಿ ಮಾಡುವಾಗ ಏನೋ ಹೆಚ್ಚುಕಮ್ಮಿ ಆಗಿರಬೇಕು."

"ಸಾರ್!" ಎಂದು ಎದ್ದು ಕೂತ. ಅವನಿಗೆ ಅವಮಾನವಾಗಿತ್ತು. "ಬಾಗಿದ್ದ ಚಾಸಿಯನ್ನ ಅದನ್ನ ಮೊದಲು ಕಟ್ಟಿದ ಕಬ್ಬಿಣದ ಚೌಕಟ್ಟಿಗೇ ಬಿಗಿದು ನೇರ ಮಾಡಿದೀನಿ. ಸ್ಪ್ರಿಂಗುಗಳು ಅವೇ. ಮುಂದಿನ ಚಕ್ರ ಹಿಡಿಯೋ ತೋಳು ಮಾತ್ರ ಹೊಸದು, ಅದೂ ಅದೇ ನಕ್ಷೆ. ಚಕ್ರಾನ ಹಿಂದೆ ಮುಂದೆ ಸರಿಸೋ ಬುಷ್ ಇದೆಯಲ್ಲ, ಅದರ ನಟ್ಟಿನ ಮೇಲಿನ ಬಣ್ಣದ ಗೆರೆ ಕೂಡ ಒಡೆದಿಲ್ಲ. ಗುರುವಾರ ಹೇಗೆ ಬಿಗಿದರೋ ಹಾಗೇ ಇದೆ."

ನಾಲ್ಕು ಮಿಲಿಮೀಟರ್. ನನ್ನ ಕಿರುಬೆರಳಿನ ಅರ್ಧ ಅಗಲವೂ ಇಲ್ಲ. ಆದರೆ ಮೇಸ್ತ್ರಿಯ ಹಣೆಯಲ್ಲಿ ಬೆವರು ಒಡೆದಿತ್ತು.

"ಗುರುವಾರ ಇಪ್ಪತ್ತೆಂಟು ಬಂದಿದ್ದು ಇವತ್ತು ಇಪ್ಪತ್ನಾಲ್ಕು ಯಾಕೆ ಬರುತ್ತೆ?" ಎಂದು ಕೇಳಿದೆ. "ಗಾಡಿ ಬದಲಾಗಿಲ್ಲ. ಮತ್ತೇನು ಬದಲಾಗಿದೆ?"

ಇಬ್ಬರೂ ಒಟ್ಟಿಗೇ ಮರಳಿನ ಮೂಟೆಗಳ ಕಡೆ ನೋಡಿದೆವು.

ಮೇಸ್ತ್ರಿ ಮೂಲೆಯಿಂದ ಇನ್ನೊಂದು ಚೀಲ ತಂದ. ನಾಲ್ಕು ಕೆಜಿ ಏರಿಸಿ ಅಳೆದ: ಇಪ್ಪತ್ತೈದು. ಇನ್ನೂ ನಾಲ್ಕು: ಇಪ್ಪತ್ತಾರು. ನನ್ನ ಮಂಡಿ ಅಯ್ಯೋ ಅನ್ನುತ್ತಿತ್ತು, ಆದರೆ ಇಳಿಯುವ ಮಾತೇ ಆಡಲಿಲ್ಲ. ಇನ್ನೂ ನಾಲ್ಕು. ಮತ್ತೂ ನಾಲ್ಕು. ಗುಂಡು ತೂಗಾಡಿ, ನಿಂತು, ನೆಲದ ಮೇಲೆ ಇಪ್ಪತ್ತೆಂಟನ್ನು ತೋರಿಸಿತು.

ಮೇಸ್ತ್ರಿ ಹಲಗೆಯ ಅಂಚಿನ ಮೇಲೆ ಸೀಮೆಸುಣ್ಣದಿಂದ ಬರೆದ: ೭೪.

ಅಂದರೆ, ಆ ಗುರುವಾರ ಹಲಗೆಯ ಮೇಲೆ ಇದ್ದದ್ದು ಚಿಕ್ಕವನಲ್ಲ. ಎಪ್ಪತ್ತನಾಲ್ಕು ಕೆಜಿ ತೂಗುವ ಬೇರೆ ಯಾರೋ. ಆ ಭಾರಕ್ಕೆ ಗಾಡಿ ಕುಸಿದು ಟ್ರೇಲ್ ಹೆಚ್ಚು ಕಂಡಿದೆ, ದೊಡ್ಡವನು ಬುಷ್ ತಿರುಗಿಸಿ ಇಪ್ಪತ್ತೆಂಟಕ್ಕೆ ಇಳಿಸಿದ್ದಾನೆ. ಭಾನುವಾರ ಐವತ್ತೆಂಟು ಕೆಜಿಯ ತಮ್ಮ ಹಲಗೆ ಹತ್ತಿದಾಗ ಅದು ತನ್ನಷ್ಟಕ್ಕೆ ಇಪ್ಪತ್ತನಾಲ್ಕಾಗಿದೆ. ಬ್ರೇಕ್ ಹಿಡಿದ ಕ್ಷಣದಲ್ಲಿ ಉಳಿಸಿಕೊಳ್ಳಲು ಏನೂ ಉಳಿದಿರಲಿಲ್ಲ.

ಸಂಘದವರು ಖಾಲಿ ಗಾಡಿಯನ್ನು ಅಳೆದು ಹೋಗಿದ್ದರು. ಅವರಿಗೆ ಇದು ಕಾಣುವುದಾದರೂ ಹೇಗೆ!

ಇಳಿದು ಮಂಡಿ ತಿಕ್ಕಿಕೊಳ್ಳುತ್ತಾ ಕೇಳಿದೆ, "ನಿನ್ನ ತೂಕ ಎಷ್ಟು?"

"ನನ್ನ ಮೇಲೇನಾ ಅನುಮಾನ?" ಎಂದ ಮೇಸ್ತ್ರಿ. "ಎಂಬತ್ತೊಂಬತ್ತು. ಬೇಕಾದ್ರೆ ತೂಕದ ಮಿಷನ್ ಮೇಲೆ ನಿಲ್ಲಿಸಿ. ಗುರುವಾರ ಮಧ್ಯಾಹ್ನ ನಾನು ಇರಲೇ ಇಲ್ಲ, ಬೆಸುಗೆ ಕಡ್ಡಿ ತರೋಕೆ ಹೋಗಿದ್ದೆ. ಐದು ಗಂಟೆಗೆ ಬಂದಾಗ ಬೀರು ಬಾಗಿಲ ಮೇಲೆ ಬರೆದಾಗಿತ್ತು."

"ಎದುರು ತಂಡದವರು ಯಾರಾದರೂ ಬಂದಿದ್ದರೆ?"

"ದೊಡ್ಡೋನು ಅವರನ್ನ ಗೇಟಿನ ಒಳಗೂ ಬಿಡಲ್ಲ ಸಾರ್. ಅವನು ಕೂರಿಸದೆ ಆ ಹಲಗೆ ಮೇಲೆ ಯಾರೂ ಕೂರೋದಿಲ್ಲ."

ಹಾಗಾದರೆ ದೊಡ್ಡವನಿಗೆ ಗೊತ್ತು. ಗೊತ್ತಿದ್ದೂ ನಲವತ್ತೊಂದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಯಾರಿಗಾಗಿ?

"ಇನ್ನೊಂದು ಹೇಳಬೇಕು ಸಾರ್" ಎಂದು ಮೇಸ್ತ್ರಿ ಕೈ ಒರೆಸಿಕೊಂಡ. "ಬೆಳಿಗ್ಗೆ ದೊಡ್ಡೋನು ಫೋನ್ ಮಾಡಿದ್ದ. ಹಳೇ ಅಳತೆ ಮತ್ತೆ ಕೂರಿಸಬೇಡ, ಆ ಬುಷ್ ಕಿತ್ತು ಬಿಸಾಕು, ನಲವತ್ತೈದಕ್ಕೆ ಇಟ್ಟು ತೋಳನ್ನ ಹಾಗೇ ಬೆಸೆದುಬಿಡು ಅಂದ. ನಲವತ್ತೈದು ಕ್ಷೇಮದ ಅಳತೆನೇ, ತಪ್ಪು ಅನ್ನೋಕಾಗಲ್ಲ. ಆದ್ರೆ ಅವನ ಆತುರ ನೋಡಿ ನನಗೆ ಯಾಕೋ ಸರಿ ಕಾಣಲಿಲ್ಲ. ಗಾಡಿ ಓಡಿಸೋ ಕೈಯೇ ಮುರಿದಿದೆ, ಅವಸರ ಏನು ಅಂತ."

ಅವಸರ ಏನು ಅಂತ ನನಗೆ ಅರ್ಥವಾಯಿತು. ಹೊಸ ಅಳತೆ ಬೆಸೆದ ಮೇಲೆ ಹಳೆಯದನ್ನು ಯಾರೂ ಅಳೆಯಲಾರರು.

ಮೂರು ಗಂಟೆಗೆ ದೊಡ್ಡವನೇ ಬಂದ.

ಮೂವತ್ತರ ಗಟ್ಟಿಮುಟ್ಟು ಆಳು, ಬಾಗಿಲಲ್ಲಿ ನಿಂತಾಗ ಮುದುಕನ ಹಾಗೆ ಕಂಡ. ಬಲಗೈಗೆ ಇನ್ನೂ ಪ್ಲಾಸ್ಟರ್. ಅಂಗಿಯ ಗುಂಡಿಗಳನ್ನು ಎಡಗೈಯಲ್ಲೇ ಹಾಕಿಕೊಂಡಿರಬೇಕು, ಒಂದು ಗುಂಡಿ ತಪ್ಪಿ ಮೇಲೆ ಕೆಳಗಾಗಿತ್ತು. ಹಾಕಿಕೊಡುವವರು ಮನೆಯಲ್ಲಿದ್ದಾರೆ, ಆದರೆ ಮಾತಿಲ್ಲ.

ಅವನ ಕಣ್ಣು ಮೊದಲು ಮೂಟೆಗಳ ಮೇಲೆ, ಆಮೇಲೆ ಸೀಮೆಸುಣ್ಣದ ಅಂಕಿಯ ಮೇಲೆ ಹೋಯಿತು. ಅಲ್ಲೇ ನಿಂತುಬಿಟ್ಟ.

"ಬಾರಪ್ಪ" ಎಂದೆ. "ಗುರುವಾರ ಹಲಗೆ ಮೇಲೆ ಯಾರಿದ್ದರು?"

"ಪುಟ್ಟ."

"ಪುಟ್ಟನ ತೂಕ ಐವತ್ತೆಂಟು."

"ಊಟ ಮಾಡಿದ್ದ."

"ಹದಿನಾರು ಕೆಜಿ ಊಟವಾ? ನನ್ನ ಕಿವಿಗೆ ಹೂವು ಇಡಬೇಡ ಮಾರಾಯ."

ಅವನು ನೇರ ಹೋಗಿ ಹಲಗೆಯ ಅಂಚಿನ ಅಂಕಿಯನ್ನು ಎಡಗೈಯಿಂದ ಒರೆಸಲು ನೋಡಿದ. ಮೇಸ್ತ್ರಿ ಅವನ ಕೈ ಹಿಡಿದುಕೊಂಡ. ಜಗ್ಗಾಡುವಷ್ಟು ಶಕ್ತಿ ಅವನಲ್ಲಿ ಇರಲಿಲ್ಲ.

"ಬಿಡಿ ಮೇಸ್ತ್ರಿ. ಸಾರ್, ನಿಮಗೇನು ಬೇಕು? ಒಂದು ಉತ್ತರ ತಾನೇ? ನಾನೇ ಮಾಡಿದೆ ಅಂತ ಬರ್ಕೊಳ್ಳಿ. ಬುಷ್ ತಿರುಗಿಸಿದ್ದು ನಾನು, ಬ್ರೇಕ್ ಹಿಡಿದಿದ್ದು ನಾನು. ಸುಳ್ಳೇನಿಲ್ಲವಲ್ಲ ಅದರಲ್ಲಿ?"

"ಸುಳ್ಳಿಲ್ಲ. ಆದರೆ ಅರ್ಧ ಇದೆ. ಮಿಕ್ಕರ್ಧ ಯಾರು?"

"ಯಾರೂ ಇಲ್ಲ."

ನನಗೆ ರೇಗಿತು. ಪಾಪದವನ ಮೇಲೆ ರೇಗಬಾರದಿತ್ತು, ಆದರೆ ನನ್ನ ಸ್ವಭಾವವೇ ಹಾಗೆ. "ಅಲ್ಲಯ್ಯಾ, ನಿನ್ನ ತಾಯಿ ನಲವತ್ತೊಂದು ದಿನದಿಂದ ನಿನ್ನನ್ನ ಕೊಲೆಗಾರ ಅಂತ ನೋಡ್ತಿದಾರೆ. ಒಂದೇ ಮನೆಯಲ್ಲಿ ಇದ್ದೂ ನಿನಗೆ ತಾಯಿ ಇಲ್ಲ. ಇದನ್ನೆಲ್ಲ ಸಹಿಸಿಕೊಂಡು ಯಾವನನ್ನೋ ಕಾಪಾಡ್ತಿದೀಯಲ್ಲ, ಅವನು ನಿನಗೆ ನಿನ್ನ ಹೆತ್ತಮ್ಮನಿಗಿಂತ ಹೆಚ್ಚಾ?"

ಅವನು ನನ್ನ ಮುಖ ನೋಡಿದ. ನಗು ಬಂದಂತಾಯಿತು ಅವನಿಗೆ, ಆದರೆ ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ದಯವಿಟ್ಟು ಮೂಟೆಗಳನ್ನ ಇಳಿಸಿಬಿಡಿ" ಎಂದ. "ಅಮ್ಮ ಬರೋದರೊಳಗೆ. ನಿಮ್ಮ ಕಾಲಿಗೆ ಬೀಳ್ತೀನಿ."

ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇಷ್ಟು ವರ್ಷ ಪತ್ತೇದಾರಿಕೆ ಮಾಡಿ ಕಿಸಿದದ್ದು ಇಷ್ಟೇ.

ಮೇಸ್ತ್ರಿ ಒಂದು ಮೂಟೆಗೆ ಕೈ ಹಾಕುವಷ್ಟರಲ್ಲಿ ಹೊರಗೆ ಉಬ್ಬಸದ ಸದ್ದು ಕೇಳಿತು. ತಾಯಿ ಹೇಳಿದ ಸಮಯಕ್ಕಿಂತ ಮುಕ್ಕಾಲು ಗಂಟೆ ಮೊದಲೇ ಬಂದಿದ್ದರು.

"ಈ ಮೆಟ್ಟಿಲು ಕಟ್ಟಿದೋನಿಗೆ ನನ್ನಂಥ ದಪ್ಪನೆ ಅಮ್ಮ ಇರಲಿಲ್ಲ ಅನ್ಸುತ್ತೆ" ಎನ್ನುತ್ತಾ ಬಾಗಿಲ ಚೌಕಟ್ಟು ಹಿಡಿದು ನಿಂತರು. "ಮನೇಲಿ ಕೂರೋಕಾಗಲಿಲ್ಲ ಅಣ್ಣಾ. ಬೇಗ ಬಂದೆ, ಬೇಜಾರು ಮಾಡ್ಕೋಬೇಡಿ. ದಾರಿ ಬಿಟ್ಟು ನಿಲ್ಲೋಕೆ ಹೇಳಿ ಅವನಿಗೆ."

'ಅವನು' ಎರಡು ಅಡಿ ದೂರದಲ್ಲಿದ್ದ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ತಾಯಿ ಒಳಗೆ ಬಂದು ಗಾಡಿ ನೋಡಿದರು. ಮುರಿದ ಮೇಲೆ ಮೊದಲ ಸಲ ನೋಡುತ್ತಿದ್ದದ್ದು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಹತ್ತಿರ ಹೋಗಿ ಮೂಟೆಯ ಮೇಲೆ ಕೈ ಇಟ್ಟರು.

"ಇವು ಯಾಕೆ?"

"ಅಳತೆಗೆ ಅಮ್ಮಾ. ಭಾರ ಇರಬೇಕು" ಎಂದೆ.

"ಗೊತ್ತು ಗೊತ್ತು. ಜನ ಇಲ್ಲದೆ ಅಳೆಯೋ ಹಾಗಿಲ್ಲ." ಆಕೆಯ ಮುಖದಲ್ಲಿ ನಗು ಮೂಡಿತು. ಆ ಮುಖದಲ್ಲಿ ನಾನು ನಗು ಕಂಡದ್ದು ಅದೇ ಮೊದಲು. "ನಾನೂ ಕೂತಿದ್ದೆನಲ್ಲ ಇಲ್ಲಿ. ಆ ಗುರುವಾರ."

ನಾನು ದೊಡ್ಡವನ ಕಡೆ ನೋಡಿದೆ; ಅವನು ಗೋಡೆಯ ಕಡೆ ತಿರುಗಿಬಿಟ್ಟ.

"ಇಬ್ಬರಿಗೂ ಊಟ ತಂದಿದ್ದೆ. ಪುಟ್ಟ ಹಲ್ಲು ಕೀಳಿಸೋಕೆ ಹೋಗಿದ್ದ, ಬರೋದು ತಡ ಆಗೋ ಹಾಗಿತ್ತು. ಇವನು 'ಅಮ್ಮಾ, ಎರಡೇ ನಿಮಿಷ ಹತ್ತಿ ಕೂತ್ಕೋ, ಅಳತೆ ನೋಡ್ಬೇಕು' ಅಂದ. ಬೇಡವೋ, ನಿನ್ನ ಗಾಡಿ ಮುರಿದೀತು ಅಂದೆ. ಕೈ ಹಿಡಿದು ಹತ್ತಿಸಿದ. ಇಲ್ಲೇ, ಕಾಲು ಹೀಗೆ ಮಡಿಸ್ಕೊಂಡು ಕೂತಿದ್ದೆ. ಪಕ್ಕದ ಶೆಡ್ಡಿನ ಹುಡುಗನ ಕೈಲಿ ಕೆಳಗೆ ಅಳೆಸಿದ."

ಆಕೆ ಹೇಳುತ್ತಲೇ ಇದ್ದರು, ಎಷ್ಟು ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸುಖವೋ ಅದು.

"ಪುಟ್ಟ ಆಮೇಲೆ ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು. ಕೆನ್ನೆ ಇಷ್ಟು ದಪ್ಪ ಊದಿತ್ತು. ನಕ್ಕರೆ ನೋವು, ಆದರೂ ಕೆನ್ನೆ ಹಿಡ್ಕೊಂಡು ನಗ್ತಾನೆ. 'ಅಮ್ಮಾ, ನನ್ನ ಕೆಲಸ ಕಿತ್ಕೊಂಡೆಯಲ್ಲೇ' ಅಂದ. ನಾವು ಮೂರು ಜನ ಒಟ್ಟಿಗೆ ನಕ್ಕಿದ್ದು ಅವತ್ತೇ ಕೊನೆ."

ದೊಡ್ಡವನು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ.

ಈಗ ಎಲ್ಲವೂ ನನಗೆ ಅರ್ಥವಾಗಿತ್ತು, ಅರ್ಥವಾಗದೆ ಇದ್ದಿದ್ದರೇ ಚೆನ್ನಾಗಿತ್ತು. ಆ ಸಹಿ, ಆ ಮೌನ, ಬುಷ್ ಕಿತ್ತು ಬಿಸಾಕು ಎಂಬ ಆತುರ. ಅವನು ಕಾಪಾಡುತ್ತಿದ್ದದ್ದು ಹೆತ್ತವಳನ್ನೇ. ತನ್ನನ್ನು ದ್ವೇಷಿಸಿದರೂ ಪರವಾಗಿಲ್ಲ, ಆಕೆ ತನ್ನನ್ನೇ ತಾನು ದ್ವೇಷಿಸಿಕೊಳ್ಳಬಾರದು ಎಂದು ನಲವತ್ತೊಂದು ದಿನ ಅನಾಥನಾಗಿ ಬದುಕಿದ್ದ. ನಾನು ಅವನನ್ನು ಕೇಳಿದ ಪ್ರಶ್ನೆ ನೆನೆದು ನಾಲಿಗೆ ಕಚ್ಚಿಕೊಂಡೆ.

"ಇದೇನು ಬರೆದಿದೀರಿ?" ಎಂದರು ತಾಯಿ.

ಸೀಮೆಸುಣ್ಣದ ಅಂಕಿಯ ಮೇಲೆ ಆಕೆಯ ಬೆರಳಿತ್ತು. "ಎಪ್ಪತ್ನಾಲ್ಕು. ತಿಂಗಳು ತಿಂಗಳೂ ನರ್ಸಮ್ಮ ನನ್ನ ಚೀಟಿ ಮೇಲೆ ಬರೆಯೋದು ಇದೇ ಅಂಕಿ. ಇಳಿಸಿ ಇಳಿಸಿ ಅಂತ ಬೈತಾಳೆ." ಮತ್ತೆ ಅಂಕಿಯ ಕಡೆ ನೋಡಿದರು. "ಪುಟ್ಟ ಇಷ್ಟು ತೂಗ್ತಾ ಇರಲಿಲ್ಲ. ಅವನ ಜಾಗದಲ್ಲಿ ನನ್ನ ತೂಕ ಯಾಕೆ ಇಟ್ಟಿದೀರಿ?"

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಅಣ್ಣಾ, ಕೇಳಿದ್ದು ನಿಮ್ಮನ್ನೇ."

"ಅಮ್ಮಾ." ಮಾತಾಡಿದ್ದು ದೊಡ್ಡವನು. ಗೋಡೆ ಬಿಟ್ಟು ಈ ಕಡೆ ತಿರುಗಿದ್ದ. "ನನ್ನನ್ನ ಕೇಳು. ನಾನು ಹೇಳ್ತೀನಿ. ನೀನು ಊಟ ಕೊಟ್ಟು ಹೋದ ಮೇಲೆ ಪುಟ್ಟ ಆರು ಗಂಟೆಗೆ ಇಲ್ಲಿಗೆ ಬಂದ. ನೀನು ಕೂತಿದ್ದು ಹೇಳಿದೆ. 'ಹಾಗಾದ್ರೆ ಇನ್ನೊಂದ್ಸಲ ಅಳೀಬೇಕು ಅಣ್ಣಾ, ನಾನು ಹತ್ತುತೀನಿ' ಅಂದ. ನಾನೇ ಬೇಡ ಅಂದೆ. ಸುಸ್ತಾಗಿತ್ತು. ನಿನ್ನ ತೂಕಕ್ಕೆ ಇಟ್ಟ ಅಳತೆ ಅವನಿಗೆ ಆಗಲ್ಲ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೂ ಬಿಟ್ಟೆ. ಕೊಂದಿದ್ದು ನಾನೇ. ಇದರಲ್ಲಿ ನಿನ್ನದು ಏನೇನೂ ಇಲ್ಲ."

ತಾಯಿ ಅವನ ಕಡೆ ತಿರುಗಿದರು. ನಲವತ್ತೊಂದು ದಿನದಲ್ಲಿ ಮೊದಲ ಸಲ ಮಗನ ಮುಖವನ್ನು ನೇರವಾಗಿ ನೋಡಿದರು.

"ಸುಳ್ಳು!"

ಕೂಗಿದವನು ಮೇಸ್ತ್ರಿ. ಕೈಯಲ್ಲಿದ್ದ ಸ್ಕೇಲು ಠಣ್ಣನೆ ನೆಲಕ್ಕೆ ಬಿತ್ತು.

"ಸುಳ್ಳು ಹೇಳಬೇಡ ಕಣೋ. ಅಮ್ಮಾ, ಅವನು ಹೇಳಿದ್ದು ನಂಬಬೇಡಿ. ನಾನು ಐದು ಗಂಟೆಗೆ ಬಂದಿದ್ದೆ. ಪುಟ್ಟ ಬಂದಾಗ ಇವನು ಶೆಡ್ಡಿನ ಹಿಂದೆ ಕೈ ತೊಳೀತಿದ್ದ. ಪುಟ್ಟ ಕೇಳಿದ್ದು ನನ್ನನ್ನ. ನಾಲ್ಕು ಮಿಲಿಮೀಟರ್‌ಗೆ ಆಕಾಶ ಕಳಚಿ ಬೀಳಲ್ಲ, ಮನೆಗೆ ಹೋಗಿ ಮಲಗೋ ಅಂದವನು ನಾನು. ನನ್ನ ಮಾತು ಕೇಳಿ ಹೋದ."

"ಮೇಸ್ತ್ರಿ, ನೀವು ಸುಮ್ಮನಿರಿ" ಎಂದ ದೊಡ್ಡವನು.

"ಸುಮ್ಮನಿದ್ದಿದ್ದು ಸಾಕು."

ಇಪ್ಪತ್ತಾರು ವರ್ಷದಲ್ಲಿ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ. ನನ್ನದು, ನನ್ನದು ಎಂದು ಇಬ್ಬರು ಜಗ್ಗಾಡುವುದನ್ನು ನೋಡಿದ್ದು ಅವತ್ತೇ. ಒಬ್ಬ ಸುಳ್ಳು ಹೇಳುತ್ತಿದ್ದ. ಇಬ್ಬರೂ ಹೇಳುತ್ತಿದ್ದರೇನೋ. ಮಧ್ಯಾಹ್ನ ಇಪ್ಪತ್ತನಾಲ್ಕು ಎಂದಾಗ ಮೇಸ್ತ್ರಿಯ ಹಣೆಯಲ್ಲಿ ಒಡೆದ ಬೆವರು ಮೊದಲೇ ಗೊತ್ತಿದ್ದವನ ಬೆವರೋ, ಆಗ ತಾನೇ ತಿಳಿದವನ ಬೆವರೋ? ಆರು ಗಂಟೆಗೆ ಶೆಡ್ಡಿನಲ್ಲಿದ್ದ ಮೂವರಲ್ಲಿ ಸತ್ಯ ಹೇಳಬಹುದಾಗಿದ್ದ ಒಬ್ಬನು ಮಣ್ಣು ಸೇರಿದ್ದ. ಅಥವಾ ಆರು ಗಂಟೆಗೆ ಅಂಥ ಮಾತೇ ನಡೆದಿರಲಿಲ್ಲ, ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ.

ತಾಯಿ ಅಳಲಿಲ್ಲ. ಮಗನ ಹತ್ತಿರ ಹೋದರು. ಅವನ ಅಂಗಿಯ ತಪ್ಪಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಸರಿಯಾದ ತೂತಿಗೆ ಹಾಕಿದರು. ಅವನು ಮಗುವಿನಂತೆ ಬಿಕ್ಕುತ್ತಾ ನಿಂತಿದ್ದ.

ಕೊನೆಯ ಗುಂಡಿ ಹಾಕಿ, ಅವನ ಎದೆಯ ಮೇಲೆ ಕೈ ಹಾಗೇ ಇಟ್ಟುಕೊಂಡು, ನನ್ನ ಕಡೆ ತಿರುಗಿದರು.

"ಇವರಿಬ್ಬರೂ ನನ್ನನ್ನ ಉಳಿಸೋಕೆ ನೋಡ್ತಿದಾರೆ. ಅಷ್ಟು ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು. ನೀವು ನನ್ನ ಮಗನೂ ಅಲ್ಲ, ನೆಂಟರೂ ಅಲ್ಲ. ನೀವು ಹೇಳಿ ಅಣ್ಣಾ. ನಾನು ಕೂತಿದ್ದಕ್ಕೆ ಹೋದನಾ ನನ್ನ ಪುಟ್ಟ?"